ರೈಲುಪೆಟ್ಟಿಗೆಯ ಶಾಲೆಯಲ್ಲಿ ಕಂಡ ಜಪಾನು



ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಯಾವುದಾದರೊಂದು ಪ್ರಾಥಮಿಕ ಶಾಲೆಯ ಮಗುವನ್ನು ಕರೆದು, ಜಪಾನಿನ ಬಗ್ಗೆ ಏನು ಗೊತ್ತೆಂದು ಕೇಳಿ ನೋಡಿ. ರಾಜಧಾನಿ ಟೋಕಿಯೋ, ನಾಣ್ಯ ಯೆನ್, ಸೂರ್ಯ ಉದಯಿಸುವ ನಾಡು ಎಂಬ ಉತ್ತರ ಥಟ್ಟನೆ ಬಂದೀತು. ಉತ್ತರ ತಪ್ಪಲ್ಲ, ಆದರೆ ಅದರೊಳಗೆ ಒಬ್ಬ ಮನುಷ್ಯನೂ ಇಲ್ಲ. ಅಲ್ಲಿಯೂ ನಮ್ಮಂತೆಯೇ ಹಸಿಯುವ, ಅಳುವ, ತುಂಟತನ ಮಾಡುವ ಮಕ್ಕಳಿದ್ದಾರೆಂಬುದನ್ನು ಸಾಮಾನ್ಯ ಜ್ಞಾನದ ಪುಸ್ತಕ ಕಲಿಸುವುದಿಲ್ಲ. ಆ ಕೊರತೆಯನ್ನು ನೀಗಬಲ್ಲ ಕೃತಿಯೊಂದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅದು ತೆತ್ಸುಕೋ ಕುರೊಯಾನಗಿಯವರ 'ತೊತ್ತೋ ಚಾನ್'.

1981ರಲ್ಲಿ ಜಪಾನಿನಲ್ಲಿ ಪ್ರಕಟವಾದ ಈ ಬಾಲ್ಯಸ್ಮರಣೆಯನ್ನು ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡಕ್ಕೂ ತಂದಿದೆ. ಕಥೆಯ ಪುಟ್ಟ ಹುಡುಗಿ 1933ರಲ್ಲಿ ಜನಿಸಿದ ಲೇಖಕಿಯೇ. ತುಂಟಿಯೆಂದು ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಅವಳು ತೊಮೊಯೆ ಎಂಬ ಶಾಲೆಗೆ ಸೇರುತ್ತಾಳೆ. ಸೊಸಾಕು ಕೊಬಾಯಾಶಿ ಅವರು 1937ರಲ್ಲಿ ಟೋಕಿಯೋದಲ್ಲಿ ಆರಂಭಿಸಿದ ಆ ಶಾಲೆಗೆ ಹಳೆಯ ರೈಲುಪೆಟ್ಟಿಗೆಗಳೇ ತರಗತಿಗಳು. ವಿದ್ಯಾರ್ಥಿಗಳು ಸುಮಾರು ಐವತ್ತು ಮಂದಿ. ಮೊದಲ ದಿನ ಮುಖ್ಯೋಪಾಧ್ಯಾಯರು ನಾಲ್ಕು ಗಂಟೆಗಳ ಕಾಲ ಆ ಮಗುವಿನ ಮಾತನ್ನು ಆಲಿಸುತ್ತಾರೆ. ಯೋಚಿಸಿರಿ: ನಮ್ಮಲ್ಲಿ ಯಾರು ಒಂದು ಮಗುವಿನ ಮಾತಿಗೆ ನಾಲ್ಕು ನಿಮಿಷವಾದರೂ ಕಿವಿಗೊಟ್ಟಿದ್ದೇವೆ?

ಕೃತಿಯ ಶಕ್ತಿ ಇರುವುದು ಸಣ್ಣ ಸಂಗತಿಗಳಲ್ಲಿ. ಮಕ್ಕಳ ಬುತ್ತಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ಪದಾರ್ಥವಿರಬೇಕೆಂಬುದು ಆ ಗುರುಗಳ ಅಪೇಕ್ಷೆ. ಯಾವುದಾದರೊಂದು ಇಲ್ಲದಿದ್ದರೆ ಅವರ ಪತ್ನಿ ತಮ್ಮ ಪಾತ್ರೆಯಿಂದ ಬಡಿಸುತ್ತಾರೆ. ತಾರದ ಮಗುವಿಗೆ ಅವಮಾನವಿಲ್ಲ. ಸುತ್ತ ಕಡಲು, ನಡುವೆ ಬೆಟ್ಟ ಎಂಬ ಜಪಾನಿನ ಭೂಗೋಳವೆಲ್ಲ ಆ ಬುತ್ತಿಯಲ್ಲಿದೆ. ಕಡಲನ್ನೇ ಕಾಣದ ನಮ್ಮ ಮಗು ತನ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಎರಡು ನಾಡುಗಳೂ ಅದಕ್ಕೆ ಅರ್ಥವಾಗುತ್ತವೆ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಲ್ಲಿ ರೈಲನ್ನು ಕಂಡ ಮಗುವಿಗೆ ಆ ಶಾಲೆ ಇನ್ನಷ್ಟು ಹತ್ತಿರವಾದೀತು.

ಆದರೆ ನನ್ನನ್ನು ಬಹುವಾಗಿ ಕಾಡಿದ ಅಧ್ಯಾಯ ಬೇರೆಯೇ ಇದೆ. ದಾರಿಯಲ್ಲಿ ಎದುರಾದ ಕೊರಿಯಾದ ಹುಡುಗನೊಬ್ಬ ತೊತ್ತೋ ಚಾನಳತ್ತ 'ಕೊರಿಯಾದವಳೇ!' ಎಂದು ದ್ವೇಷದಿಂದ ಕೂಗುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ, ತಾಯಿಗೆ ಹೇಳಿದಾಗ ತಾಯಿಯ ಕಣ್ಣು ತುಂಬುತ್ತದೆ. ಊರಿನವರೆಲ್ಲ ಅವನನ್ನು ಹಾಗೆಂದು ಜರೆದುದರಿಂದ ತನ್ನ ಕುಲದ ಹೆಸರೇ ಬೈಗುಳವೆಂದು ಆ ಮಗು ನಂಬಿತ್ತು! 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತೆಂಬುದನ್ನು ನೆನೆದರೆ ಈ ನೋವಿನ ಆಳ ತಿಳಿಯುತ್ತದೆ. ಇದು ದೂರದ ಕಥೆಯೇ? ನಮ್ಮ ತಾಲೂಕುಗಳಿಂದ ಗೋವೆಗೆ ಗುಳೆ ಹೋದವರು ಅಲ್ಲಿ 'ಘಾಟಿ' ಎನಿಸಿಕೊಂಡು ತಲೆತಗ್ಗಿಸಿದ್ದಾರೆ. ಹಾಗೆಯೇ, ಕಬ್ಬು ಕಡಿಯಲು ನಮ್ಮಲ್ಲಿಗೆ ಬರುವ ತಂಡಗಳ ಮಕ್ಕಳನ್ನು ನಾವು ಏನೆಂದು ಕರೆಯುತ್ತೇವೆ?

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಎಲ್ಲವನ್ನೂ ಪ್ರೀತಿಯ ನೆನಪಿನಲ್ಲಿ ಕಂಡಿರುವುದರಿಂದ ಗುರುಗಳು ದೋಷವೇ ಇಲ್ಲದವರಾಗಿ ಮೂಡಿದ್ದಾರೆ. ಯುದ್ಧ ಬರುತ್ತದೆ, ಮಿಠಾಯಿ ಮರೆಯಾಗುತ್ತದೆ, 1945ರ ವೈಮಾನಿಕ ದಾಳಿಯಲ್ಲಿ ಶಾಲೆ ಉರಿದುಹೋಗುತ್ತದೆ. ಆದರೆ ಜಪಾನು ತಾನೇ ಚೀನಾದ ಮೇಲೆ ಹೇರಿದ ಯುದ್ಧದ ಕ್ರೌರ್ಯ ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಮಗುವಿನ ದೃಷ್ಟಿಯ ಪ್ರಾಮಾಣಿಕತೆ ಅದು, ಒಪ್ಪೋಣ. ಆ ಅಂತರವನ್ನು ತುಂಬುವ ಹೊಣೆ ಓದಿ ಹೇಳುವ ಶಿಕ್ಷಕರದು. ಇಲ್ಲವಾದರೆ ಮಗು ಜಪಾನನ್ನು ಸುಂದರ ಚಿತ್ರವಾಗಿ ಮೆಚ್ಚೀತು, ನೆರೆಯ ನಾಡಾಗಿ ಅರಿಯದು.

ಪರದೇಶದ ಪಾಠವೆಂದರೆ ಕಿಮೋನೊ ತೊಡಿಸಿ ವೇದಿಕೆ ಹತ್ತಿಸುವುದಲ್ಲ. ಅಪರಿಚಿತನ ಹೆಸರನ್ನು ಬೈಗುಳವಾಗಿಸದಿರಲು ಕಲಿಯುವುದೇ ಆ ಪಾಠ. ಶಿಕ್ಷಕ ಬಾಂಧವರೇ, ತಂದೆತಾಯಿಗಳೇ, ವಾರಕ್ಕೊಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಿರಿ. ಪ್ರಶ್ನೆಪತ್ರಿಕೆ ಬೇಡ. ಓದಿದ ಬಳಿಕ ಮಗು ಮಾತನಾಡತೊಡಗಿದರೆ, ಆ ಮುಖ್ಯೋಪಾಧ್ಯಾಯರಂತೆ ಸುಮ್ಮನೆ ಕೇಳುತ್ತ ಕುಳಿತುಕೊಳ್ಳಿರಿ.