ಊರೆಲ್ಲ ಬಡಿದ ರೊಟ್ಟಿ

ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೊರಗಿನವರು ಹೋಗುವುದು ಬಹುಮಟ್ಟಿಗೆ ದೊಡ್ಡಬಸಪ್ಪನ ಗುಡಿ ನೋಡಲು. ಇಪ್ಪತ್ನಾಲ್ಕು ಮೂಲೆಗಳ ಆ ಚಾಲುಕ್ಯ ಗುಡಿ ನೋಡಲೇಬೇಕಾದದ್ದು, ಎರಡು ಮಾತಿಲ್ಲ. ಆದರೆ ಊಟದ ರುಚಿ ಬಲ್ಲವರಿಗೆ ನಾನು ಹೇಳುವುದು ಬೇರೆ. ಅಲ್ಲಿನ ತೋಂಟದಾರ್ಯ ಮಠದ ಜಾತ್ರೆಯ ಹೊತ್ತಿಗೆ ಹೋಗಿ, ಮನೆಮನೆಯಿಂದ ಬಂದ ರೊಟ್ಟಿಯನ್ನು ಎಲ್ಲರೂ ಒಟ್ಟಿಗೆ ಉಣ್ಣುವ ರೊಟ್ಟಿ ಜಾತ್ರೆಯ ಪಂಕ್ತಿಯಲ್ಲಿ ಕೂತು ಉಂಡು ಬನ್ನಿ.

ಜಾತ್ರೆಗೆ ಮುಂಚಿನಿಂದಲೇ ಡಂಬಳ ಮತ್ತು ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು. ಬಿಳಿಜೋಳದ ಹಿಟ್ಟಿಗೆ ಎಸರು ಹುಯ್ದು, ಕೊಣಮಿಗೆಯಲ್ಲಿ ನಾದಿ, ಎರಡೂ ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹೋದಂತೆ ಮುದ್ದೆ ಅಗಲವಾಗುತ್ತದೆ. ಜೋಳಕ್ಕೆ ಗೋದಿಯ ಜಿಗಿ ಇಲ್ಲ, ಅಂಚು ಬಿರಿಯದಂತೆ ಹಿಡಿಯುವುದು ಕೈಯ ಕಸುಬು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಉಬ್ಬಿದ ರೊಟ್ಟಿಯನ್ನು ಒಲೆಯ ಮಗ್ಗುಲಿಗೆ ಆನಿಸಿಟ್ಟರೆ ಸಣ್ಣ ಕಾವಿನಲ್ಲಿ ಒಣಗಿ ಖಡಕ್ ಆಗುತ್ತದೆ. ಹೀಗೆ ಒಣಗಿದ್ದು ವಾರಗಟ್ಟಲೆ ಕೆಡುವುದಿಲ್ಲ.

ಇಡೀ ಊಟದ ಗುಟ್ಟು ಇರುವುದು ಈ ಕೆಡದಿರುವ ಗುಣದಲ್ಲೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಅನ್ನ ಸಾರನ್ನು ಸಾವಿರ ಮನೆಗಳಿಂದ ತಂದು ಒಂದೆಡೆ ಕೂಡಿಸಲಾಗದು. ಅದಕ್ಕೆ ಒಂದೇ ಅಡುಗೆಮನೆ ಬೇಕು, ಒಬ್ಬ ಅಡುಗೆಯವ ಬೇಕು. ಒಬ್ಬ ಅಡುಗೆಯವ ಅಂದಕೂಡಲೇ ನಮ್ಮ ಸಮಾಜ ಹಿಂದೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ, ಅವನು ಯಾವ ಜಾತಿಯವ ಎಂದು. ಖಡಕ್ ರೊಟ್ಟಿ ಹಾಗಲ್ಲ. ಎಲ್ಲ ಓಣಿಗಳಿಂದಲೂ ಬುಟ್ಟಿಯಲ್ಲಿ ಬರುತ್ತದೆ, ಒಂದೇ ರಾಶಿಗೆ ಬೀಳುತ್ತದೆ. ರಾಶಿಗೆ ಬಿದ್ದ ಮೇಲೆ ಇದು ಯಾರ ಮನೆಯ ರೊಟ್ಟಿ ಎಂದು ಹೇಳುವವರಿಲ್ಲ. ನಿಮ್ಮ ಕೈಗೆ ಬಂದದ್ದನ್ನು ಯಾರು ಬಡಿದರೋ ತಿಳಿಯದೆಯೇ ನೀವು ಮುರಿಯುತ್ತೀರಿ.

ತೋಂಟದಾರ್ಯ ಮಠದ ಪೀಠದಲ್ಲಿ 1974ರಿಂದ 2018ರವರೆಗೆ ಇದ್ದ ಸಿದ್ಧಲಿಂಗ ಸ್ವಾಮೀಜಿ ಇದನ್ನು ಚೆನ್ನಾಗಿ ಅರಿತಿದ್ದರು. ಸಹಪಂಕ್ತಿಯ ಬಗ್ಗೆ ಭಾಷಣ ಮಾಡುವುದು ಸುಲಭ. ಬೆರೆತ ರೊಟ್ಟಿಯನ್ನು ಕೈಗೆ ಕೊಟ್ಟು, ಉಣ್ಣಿ ಅನ್ನುವುದು ಬೇರೆಯೇ ಮಾತು. ಹನ್ನೆರಡನೆಯ ಶತಮಾನದ ಶರಣರು ದಾಸೋಹ ಎಂದದ್ದು ಇಂಥ ಊಟಕ್ಕೇ ಎಂದು ನಾನು ತಿಳಿದಿದ್ದೇನೆ.

ರೊಟ್ಟಿಯ ಜೊತೆಗಾರ ಕರಿಂಡಿ. ಹಸಿಮೆಣಸಿನಕಾಯಿ, ಸವತಿಕಾಯಿ, ಅಗಸಿ ಪುಡಿ, ಲಿಂಬಿಹುಳಿ, ಉಪ್ಪು ಕೂಡಿಸಿ ಗಡಿಗೆಯಲ್ಲಿ ಕೆಲವು ದಿನ ಬಿಟ್ಟರೆ ಹುಳಿಯೂ ಘಾಟೂ ಒಂದಾಗಿ ಮಾಗುತ್ತದೆ. ಆ ದಿನವೇ ಕಲಸಿದ ಕರಿಂಡಿಗೆ ಖಾರವಷ್ಟೇ ಇರುತ್ತದೆ. ಮಾಗಿದ್ದಕ್ಕೆ ಅಗಸಿಯ ಜಿಡ್ಡು ಖಾರವನ್ನು ನಾಲಗೆಗೆ ಮೆತ್ತಗೆ ಸವರುವ ಗುಣ ಬರುತ್ತದೆ. ಪಲ್ಯ ಬಡಿಸುವ ಮುಂಚೆ ಮೊದಲ ತುಂಡು ರೊಟ್ಟಿಯನ್ನು ಕರಿಂಡಿಯಲ್ಲೇ ತಿನ್ನಿ. ತಾಟು ಸಿಗದಿದ್ದರೂ ಚಿಂತೆಯಿಲ್ಲ, ಎಡ ಅಂಗೈ ಮೇಲೆ ರೊಟ್ಟಿ, ಅದರ ಮೇಲೆ ಕರಿಂಡಿ, ಈ ಸೀಮೆಯ ರೈತರು ಹೊಲದಲ್ಲಿ ಉಣ್ಣುವುದೇ ಹಾಗೆ.

ಪಕ್ಕದ ಕೊಪ್ಪಳದ ಗವಿಮಠದ ಜಾತ್ರೆಗೂ ಹಳ್ಳಿಗಳಿಂದ ಟ್ರ್ಯಾಕ್ಟರುಗಟ್ಟಲೆ ರೊಟ್ಟಿ ಬರುತ್ತದೆ, ಜೊತೆಗೆ ಮಾದಲಿ. ಮಾದಲಿಯೂ ಒಣ ತಿನಿಸು, ಕೂಡಿಡಲು ಬರುವಂಥದ್ದು, ಹಾಲು ತುಪ್ಪ ಬೀಳುವುದು ತಾಟಿಗೆ ಬಂದ ಮೇಲೆ. ಇಲ್ಲಿನ ಅಡುಗೆ ದಾಟುವುದು ಜಾತಿಯ ಗೆರೆಯನ್ನಷ್ಟೇ ಅಲ್ಲ. ಮೊಹರಂ ಬಂತೆಂದರೆ ಈ ಭಾಗದಲ್ಲಿ ಹಿಂದೂ ಮನೆಗಳಲ್ಲೂ ಚೋಂಗೆ ಎಂಬ ಸಿಹಿ ತಿನಿಸು ಮಾಡಿ ಅಲಾಯಿ ದೇವರಿಗೆ ಒಯ್ಯುತ್ತಾರೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರರ ಶಿರಹಟ್ಟಿ, ದೂದಪೀರಾಂ ದರ್ಗಾದ ಲಕ್ಷ್ಮೇಶ್ವರ ಇರುವ ಸೀಮೆಯಲ್ಲಿ ಇದಕ್ಕೆ ಯಾರೂ ಅಚ್ಚರಿಪಡುವುದಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು ಜಾತ್ರೆಯ ಊಟವಲ್ಲ, ನಿತ್ಯದ ಊಟ. ಸಂಗೀತ ಕಲಿಯುವ ಅಂಧ ಮಕ್ಕಳಿಗೆ ಅನ್ನ ಹಾಕಲು ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿಯನ್ನೇ ನಡೆಸಿದರು. ಟಿಕೆಟಿನ ದುಡ್ಡು ಜೋಳವಾಗಿ ಆಶ್ರಮಕ್ಕೆ ಬರುತ್ತಿತ್ತು.

ಹೊರಗಿನ ಲೋಕದಲ್ಲಿ ಡಂಬಳದ ಊಟಕ್ಕೆ ಹತ್ತಿರದ್ದೆಂದರೆ ಅಮೃತಸರದ ಲಂಗರ್. ಅಲ್ಲಿ ರೊಟ್ಟಿ ಮಾಡಲು ಜನ ಗುರುದ್ವಾರದ ಅಡುಗೆಮನೆಗೆ ಬರುತ್ತಾರೆ, ಡಂಬಳದಲ್ಲಿ ಅಡುಗೆಮನೆಯೇ ಮನೆಮನೆಗೆ ಹೋಗಿರುತ್ತದೆ. ಇನ್ನೊಂದು ನಂಟು ದೂರದ್ದು, ನನಗಂತೂ ತುಂಬ ಇಷ್ಟವಾದದ್ದು. ಜೋಳವನ್ನು ಮನುಷ್ಯ ಮೊದಲು ಪಳಗಿಸಿದ್ದು ಸುಡಾನಿನ ಸೀಮೆಯಲ್ಲಿ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಎರೆಹೊಲಗಳಿಗೆ ಬಂತು. ಸುಡಾನಿನಲ್ಲಿ ಇಂದಿಗೂ ಜೋಳದ ಹಿಟ್ಟನ್ನು ಹುಳಿ ಬರಿಸಿ ಹಂಚಿನ ಮೇಲೆ ತೆಳ್ಳಗೆ ಎಳೆದು ಕಿಸ್ರಾ ಮಾಡುತ್ತಾರೆ, ಒಂದೇ ತಟ್ಟೆಯ ಸುತ್ತ ಕೂತು ಎಲ್ಲರೂ ಅದಕ್ಕೆ ಕೈ ಹಾಕುತ್ತಾರೆ. ಕಾಳು ಒಂದೇ, ಕೂಡಿ ಉಣ್ಣುವ ದಾರಿ ಎರಡು ಕಡೆ ಎರಡು ಬಗೆ.

ಈಗ ರೊಟ್ಟಿ ಅಂಗಡಿಯಲ್ಲೇ ಸಿಗುತ್ತದೆ. ರೊಟ್ಟಿ ಬಡಿದು ಮಾರಿ ಎಷ್ಟೋ ಹೆಣ್ಣುಮಕ್ಕಳು ಸಂಸಾರ ನಡೆಸುತ್ತಿದ್ದಾರೆ, ದಿನದ ಊಟಕ್ಕೆ ಅವರಿಂದ ಕೊಳ್ಳುವುದು ಒಳ್ಳೆಯದೇ. ಜಾತ್ರೆಗೆ ಮಾತ್ರ ಪ್ಯಾಕೆಟ್ ಕೊಂಡು ಒಪ್ಪಿಸುವುದು ನನಗೆ ಒಪ್ಪಿಗೆಯಿಲ್ಲ. ಐದೇ ರೊಟ್ಟಿಯಾಗಲಿ, ಅಂಚು ಬಿರಿದಿರಲಿ, ಮನೆಯ ಹಂಚಿನ ಮೇಲಿನದೇ ಹೋಗಬೇಕು.

ಇನ್ನೊಂದು ಮಾತು ಗಂಡಸರಿಗೆ. ಬುಟ್ಟಿ ಹೊರುವವರು ನೀವು, ಪಂಕ್ತಿಯಲ್ಲಿ ಬಡಿಸುವವರು ನೀವು. ಹೊಗೆಯ ಮುಂದೆ ಕೂತು ಬಡಿಯುವುದು ಇಂದಿಗೂ ಹೆಚ್ಚುಕಡಿಮೆ ಹೆಂಗಸರ ಪಾಲಿಗೇ ಉಳಿದಿದೆ. ಜಾತಿಯ ಗೆರೆ ಅಳಿಸುವ ಊಟದಲ್ಲಿ ಈ ಗೆರೆಯನ್ನು ಉಳಿಸಿಕೊಳ್ಳಬೇಕಾಗಿಲ್ಲ. ಮುಂದಿನ ಜಾತ್ರೆಗೆ ಇನ್ನೂ ವೇಳೆ ಇದೆ, ಅಷ್ಟರಲ್ಲಿ ಕೊಣಮಿಗೆಯ ಮುಂದೆ ಕೂತು ಅವ್ವನಿಂದಲೋ ಹೆಂಡತಿಯಿಂದಲೋ ಕಲಿತುಕೊಳ್ಳಿ.