ಹಾರ ಹಾಕಿಸಿದರೆ ರಾಜಿಯಾಯಿತೇ?

ರಾಷ್ಟ್ರೀಯ ಲೋಕ ಅದಾಲತ್ ಮುಗಿದ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆ ಫೋಟೊ ತಪ್ಪುವುದಿಲ್ಲ. ನಡುವೆ ಗಂಡ ಹೆಂಡತಿ, ಕೊರಳಲ್ಲಿ ಹಾರ, ಕೈಯಲ್ಲಿ ಸಿಹಿ. ಹಿಂದೆ ನ್ಯಾಯಾಧೀಶರು, ವಕೀಲರು, ಕೋರ್ಟಿನ ಸಿಬ್ಬಂದಿ. ವಿಚ್ಛೇದನಕ್ಕೆ ಬಂದವರು ಒಂದಾಗಿ ಹೋದರು ಎಂಬ ತಲೆಬರಹ, ಎಷ್ಟೋ ಸಲ ಹೆಸರು, ಊರು ಸಮೇತ. ನಮ್ಮ ಚಾಮರಾಜನಗರವೊಂದೇ ಅಲ್ಲ, ರಾಜ್ಯದ ಯಾವ ಜಿಲ್ಲೆಯ ಪುಟ ತೆಗೆದರೂ ಇದೇ. ಓದಿದವರಿಗೆ ಸಂತೋಷವಾಗುತ್ತದೆ, ನನಗೂ ಆಗುತ್ತದೆ. ಆದರೆ ಸಂಸಾರದ ಜಗಳವನ್ನು ಕೋರ್ಟಿನ ಹೊರಗೆ ಬಿಡಿಸುವ ಈ ವ್ಯವಸ್ಥೆಯ ಬೆಲೆ ಕಟ್ಟಬೇಕಾದರೆ ಮೊದಲು ಅನುಮಾನಿಸಬೇಕಾದದ್ದು ಈ ಫೋಟೊವನ್ನೇ.

ಅದಾಲತ್ ಬೇರೆ, ಮಧ್ಯಸ್ಥಿಕೆ ಬೇರೆ ಎಂದು ವಕೀಲರು ತಿದ್ದುತ್ತಾರೆ. ನಿಜ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ನಡೆಯುವ ಅದಾಲತ್ತಿನಲ್ಲಿ ಚೆಕ್ ಬೌನ್ಸ್, ವಾಹನ ಅಪಘಾತ, ಬ್ಯಾಂಕ್ ಸಾಲದ ಕಡತಗಳ ಜೊತೆ ಸಂಸಾರದ ಕಡತವೂ ಒಂದೇ ದಿನ ಮೇಜಿಗೆ ಬರುತ್ತದೆ. ಅಲ್ಲಿ ಆದ ಅವಾರ್ಡ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಮಧ್ಯಸ್ಥಿಕೆ ನಿಧಾನದ ಕೆಲಸ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರಲ್ಲಿ ಜಾರಿಗೆ ಬಂತು, ಕರ್ನಾಟಕದ ಮಧ್ಯಸ್ಥಿಕೆ ನಿಯಮಗಳು 2005ರಲ್ಲಿ ಬಂದವು, ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಬಾಗಿಲು ತೆರೆಯಿತು. ಮಧ್ಯಸ್ಥಗಾರರು ಹೆಚ್ಚಾಗಿ ಅನುಭವಿ ವಕೀಲರೇ. 40 ಗಂಟೆಯ ತರಬೇತಿ ಮುಗಿಸಿರಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ. ಒಳಗೆ ಆಡಿದ ಮಾತು ಹೊರಗೆ ಹೋಗುವಂತಿಲ್ಲ, ರಾಜಿ ಮುರಿದುಬಿದ್ದರೂ ಅದನ್ನು ಸಾಕ್ಷ್ಯವಾಗಿ ತರುವಂತಿಲ್ಲ.

ಗುಟ್ಟು ಕಾಯುವುದೇ ಇಷ್ಟು ಮುಖ್ಯವಾದ ಕೆಲಸದ ಪಕ್ಕದ ಕೋಣೆಯಲ್ಲಿ ಹಾರ, ಫೋಟೊ, ಪತ್ರಿಕಾ ಪ್ರಕಟಣೆ ನಡೆದರೆ ಏನೆನ್ನುವುದು? ಆ ಹೆಣ್ಣುಮಗಳು ಮತ್ತೆ ಬಟ್ಟೆ ಗಂಟು ಹಿಡಿದು ತವರಿಗೆ ಬಂದರೆ, ಜಿಲ್ಲೆಯೇ ನೋಡಿದ ಫೋಟೊ ಮೊದಲು ಅವಳ ಬಾಯಿ ಮುಚ್ಚಿಸುತ್ತದೆ. 'ಅಷ್ಟು ದೊಡ್ಡ ಜಡ್ಜ್ ಮುಂದೆ ಒಪ್ಕಂಡು ಬಂದಿದ್ದಲ್ಲವ್ವ' ಎನ್ನುವುದಕ್ಕೆ ಅವಳ ಅಣ್ಣನೇ ಸಾಕು.

ತಪ್ಪು ಫೋಟೊ ತೆಗೆಸಿದವರದಷ್ಟೇ ಅಲ್ಲ, ಕಾನೂನಿನಲ್ಲೇ ಆ ಒಲವಿದೆ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ, 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 9ನೇ ಕಲಂ, ಎರಡೂ ಮೊದಲು ಕೂಡಿಸಲು ನೋಡು ಎಂದು ನ್ಯಾಯಾಧೀಶರಿಗೆ ಹೇಳುತ್ತವೆ. ಹಾಗಾಗಿ ಒಂದಾದ ಜೋಡಿ ಗೆಲುವಿನ ಲೆಕ್ಕಕ್ಕೆ ಸೇರುತ್ತದೆ. ಜಗಳವಿಲ್ಲದೆ, ಮರ್ಯಾದೆಯಿಂದ, ಮಕ್ಕಳ ಫೀಸು ಯಾರು ಕಟ್ಟಬೇಕೆಂದು ಬರೆದುಕೊಂಡು ಬೇರೆಯಾದ ಜೋಡಿ ಕಡತ ವಿಲೇವಾರಿಯ ಸಂಖ್ಯೆಯೊಳಗೆ ಕಳೆದುಹೋಗುತ್ತದೆ. ಅವರ ಫೋಟೊ ಯಾರೂ ಹಾಕುವುದಿಲ್ಲ. ಹಾಕದಿದ್ದುದೇ ವಾಸಿ ಅನ್ನಿ.

ಕೋರ್ಟಿಗೆ ಹೋಗದೆ ನ್ಯಾಯ ಮುಗಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹೊನ್ನೂರಿನಿಂದ ಹನೂರಿನವರೆಗೆ ಯಾವ ಊರಿಗೆ ಹೋದರೂ ಕುಲದ ಯಜಮಾನರು ಇದ್ದಾರೆ. ಗಂಡ ಹೆಂಡಿರ ವ್ಯಾಜ್ಯ ಇವತ್ತಿಗೂ ಮೊದಲು ಹೋಗುವುದು ಅವರ ಹತ್ತಿರ, ಆಮೇಲೆ ಪೊಲೀಸ್ ಠಾಣೆಗೆ, ಕೊನೆಗೆ ಕೋರ್ಟಿಗೆ. ಮಾತು ನಿಲ್ಲದಿದ್ದರೆ ಮಾದಪ್ಪನ ಮೇಲೆ ಆಣೆ. ಈ ಪಂಚಾಯ್ತಿಯನ್ನು ಬರೀ ಬೈದರೆ ವಿಮರ್ಶೆಯಾಗುವುದಿಲ್ಲ. ವಾಯಿದೆಯ ಮೇಲೆ ವಾಯಿದೆ ಇಲ್ಲ, ಬಸ್ ಚಾರ್ಜಿಲ್ಲ, ಎರಡು ಮನೆಯ ಮೂರು ತಲೆಮಾರಿನ ಕಥೆ ಬಲ್ಲವರೇ ಎದುರಿಗೆ ಕೂತಿರುತ್ತಾರೆ. ಒಪ್ಪಿಕೊಂಡ ಹಣ ಕೊಡದವನಿಗೆ ಊರಲ್ಲಿ ಮುಖ ತೋರಿಸುವುದು ಕಷ್ಟ. ಕೋರ್ಟಿನ ಡಿಕ್ರಿಗೂ ಎಷ್ಟೋ ಸಲ ಅಷ್ಟು ಬಿಸಿ ಇರುವುದಿಲ್ಲ. ಆದರೆ ಕೂತವರೆಲ್ಲ ಗಂಡಸರು, ನಿಂತವಳು ಹೆಂಗಸು. ಅವಳ ಪರವಾಗಿ ಮಾತಾಡುವುದು ಅವಳ ಅಪ್ಪ. ಅವನಿಗೆ ಇನ್ನೊಬ್ಬ ಮಗಳ ಮದುವೆಯ ಚಿಂತೆ. ಕೊನೆಗೆ ತೀರ್ಮಾನ ಏನಾಗುತ್ತದೆಂದು ಹೇಳಬೇಕಾಗಿಲ್ಲ: 'ಹೊಂದ್ಕಂಡು ಹೋಗವ್ವ.'

ಪರಿಶಿಷ್ಟ ಪಂಗಡದವರಾದ ಸೋಲಿಗರ ಮಾತು ಸ್ವಲ್ಪ ಬೇರೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ಹುಡುಗ ಹುಡುಗಿ ಓಡಿಹೋಗಿ ಬಂದರೆ ಯಜಮಾನ, ಪೂಜಾರಿಯಾದ ತಮ್ಮಡಿ ಮೊದಲಾದವರು ಕೂತು ತಪ್ಪುಕಾಣಿಕೆ ಹಾಕಿಸಿ ಮದುವೆ ಒಪ್ಪಿಬಿಡುವ ರೂಢಿ ಇದೆ. ಬಿಟ್ಟವರು ಇನ್ನೊಂದು ಮದುವೆಯಾಗುವುದೂ ಅವರಲ್ಲಿ ದೊಡ್ಡ ಅಪರಾಧವಲ್ಲ. ಇಲ್ಲೊಂದು ಕಾನೂನಿನ ಸಂಗತಿ ಇದೆ, ತಾಲ್ಲೂಕು ಮಟ್ಟದಲ್ಲಿ ಯಾರೂ ಅದನ್ನು ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 2ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನದ 13ಬಿ ಕಲಂ ಅಕ್ಷರಶಃ ಸೋಲಿಗರದಲ್ಲ; ಅವರಿಗೆ ಪೋಡಿನ ರೂಢಿಯೇ ಕಾನೂನು. ಆದರೆ ಆ ರೂಢಿ ಇದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ಅವರದೇ, ಕಾಗದದಲ್ಲಿ ಬರೆದಿಟ್ಟ ಸಾಕ್ಷಿ ಸಿಗುವುದು ಕಷ್ಟ. ಮಧ್ಯಸ್ಥಿಕೆ ಎನ್ನುವುದು ನಿಜವಾಗಿ ಕೆಲಸಕ್ಕೆ ಬರಬೇಕಾದ ಜಾಗ ಇದು. ಯಜಮಾನರನ್ನೂ ಕೂರಿಸಿಕೊಂಡು, ನಡೆದದ್ದನ್ನು ಬರೆದು, ಹೆಣ್ಣಿನ ಸಹಿ ಪಡೆದು ಒಂದು ದಾಖಲೆ ಮಾಡುವ ಕೆಲಸ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾರೆ. ಆ ವರ್ಷದ ಅಕ್ಟೋಬರಿನಲ್ಲಿ ಜಾರಿಗೆ ತಂದ ಕಲಮುಗಳ ಪಟ್ಟಿಯಲ್ಲಿ ಮಾತ್ರ ಅದು ಇರಲಿಲ್ಲ. ಆ ಅಧ್ಯಾಯದಲ್ಲೂ ಇಂಥ ರಾಜಿಗೆ ಡಿಕ್ರಿಯ ಬಲವಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ.

ಪಂಚಾಯ್ತಿಗೂ ಕೋರ್ಟಿಗೂ ನಡುವೆ ಇನ್ನೊಂದು ದಾರಿ ಇದೆ, ಎಲ್ಲಕ್ಕಿಂತ ಕೆಟ್ಟದ್ದು ಅದೇ: ಛಾಪಾ ಕಾಗದದ ಬಿಡುಗಡೆ ಪತ್ರ. 'ನಾವಿಬ್ಬರೂ ಸ್ವಇಚ್ಛೆಯಿಂದ ಬೇರೆಯಾಗಿದ್ದು, ಇನ್ನು ಮುಂದೆ ಒಬ್ಬರ ತಂಟೆಗೆ ಒಬ್ಬರು ಬರತಕ್ಕದ್ದಲ್ಲ' ಎಂಬ ಧಾಟಿಯಲ್ಲಿ ಟೈಪ್ ಮಾಡಿಸಿ, ಇಬ್ಬರ ಫೋಟೊ ಅಂಟಿಸಿ, ನಾಲ್ಕು ಸಾಕ್ಷಿ ಸಹಿ, ನೋಟರಿಯ ಮೊಹರು. ಅದನ್ನು ನಂಬಿ ಆಕೆ ಮತ್ತೊಂದು ಮದುವೆಯಾದರೆ ಎರಡನೇ ಮದುವೆಯೇ ಊರ್ಜಿತವಲ್ಲ, ಆ ಗಂಡ ತೀರಿಕೊಂಡರೆ ಪಾಲೂ ಇಲ್ಲ, ಪಿಂಚಣಿಯೂ ಇಲ್ಲ. ಮದುವೆ, ವಿಚ್ಛೇದನಗಳ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಳಿಗಿಲ್ಲವೆಂದು ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರಿನಲ್ಲಿ ಸುತ್ತೋಲೆಯನ್ನೇ ಹೊರಡಿಸಬೇಕಾಯಿತು.

ಹಾಗಾದರೆ ಒಳ್ಳೆಯ ರಾಜಿ ಹೇಗಿರುತ್ತದೆ? ನನ್ನ ಮಟ್ಟಿಗೆ ರಾಜಿ ಪತ್ರವನ್ನೇ ಓದಿ ಹೇಳಬೇಕು. 'ಇಬ್ಬರೂ ಅನ್ಯೋನ್ಯವಾಗಿ ಬಾಳುವುದಾಗಿ ಒಪ್ಪಿರುತ್ತಾರೆ' ಎಂಬ ಒಂದೇ ಸಾಲಿದ್ದರೆ ಅದು ರಾಜಿಯಲ್ಲ, ಮುಂದಕ್ಕೆ ಹಾಕಿದ ಜಗಳ. ಕೊಳ್ಳೇಗಾಲದ ಕಡೆಯ ರೇಷ್ಮೆ ಬೆಳೆಗಾರನಿಗೆ ತಿಂಗಳ ಸಂಬಳವಿಲ್ಲ. ಕೋರ್ಟು ತಿಂಗಳಿಗಿಷ್ಟು ಜೀವನಾಂಶ ಎಂದು ಬರೆದರೆ ಅವನು ಎರಡು ಕಂತು ಕಟ್ಟಿ ಕೈಯೆತ್ತುತ್ತಾನೆ, ಆಕೆ ಅಮಲ್ಜಾರಿ ಅರ್ಜಿ ಹಿಡಿದು ಅಲೆಯುತ್ತಾಳೆ. ಗೂಡು ಮಾರಿದ ವಾರದೊಳಗೆ ಇಷ್ಟು ಹಣ ಅವಳ ಖಾತೆಗೆ ಜಮೆ ಎಂದು ಬರೆದರೆ ಬರುವ ಸಂಭವ ಹೆಚ್ಚು. ಇಂಥ ಸಾಲನ್ನು ಕೋರ್ಟಿನ ತೀರ್ಪಿನಲ್ಲಿ ಕಾಣುವುದು ಕಷ್ಟ, ಮಧ್ಯಸ್ಥಿಕೆಯ ಮೇಜಿನಲ್ಲಿ ಬರೆಯಬಹುದು. ಕ್ವಾರಿಗೋ, ಕೇರಳದ ತೋಟಕ್ಕೋ ಕೂಲಿಗೆ ಹೋಗುವವನಾದರೆ ಅವನು ಊರಿಗೆ ಬರುವ ಹಬ್ಬ ನೋಡಿ ಕಂತು ಹಾಕಬೇಕು. ಒಡವೆಯ ತೂಕ, ಮಗುವಿನ ಶಾಲೆಯ ಟಿಸಿ, ಯಾವ ಭಾನುವಾರ ಮಗು ಅಪ್ಪನ ಹತ್ತಿರ ಎನ್ನುವುದೆಲ್ಲ ಪತ್ರದಲ್ಲಿರಬೇಕು. ರೇಷನ್ ಕಾರ್ಡೂ ಇರಬೇಕು! ಅತ್ತೆಮನೆಯ ಕಾರ್ಡಿನಿಂದ ಹೆಸರು ತೆಗೆಸದ ಹೊರತು ತವರಿನ ಕಾರ್ಡಿಗೆ ಸೇರಿಸಲಾಗದು, ಬೇರೆ ಕಾರ್ಡೂ ಸಿಗದು. ಅಲ್ಲಿಯವರೆಗೆ ಅವಳ ಪಾಲಿನ ಅಕ್ಕಿ ಬಿಟ್ಟು ಬಂದ ಮನೆಯ ಲೆಕ್ಕದಲ್ಲೇ ಇರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಎಂದಿರುವವಳಿಗೆ, ಅಂದರೆ ಎಷ್ಟೋ ಮನೆಗಳಲ್ಲಿ ಅತ್ತೆಗೆ. ಗಂಡ ಒಂದು ತಿಂಗಳೊಳಗೆ ಹೆಸರು ತೆಗೆಸಿಕೊಡತಕ್ಕದ್ದು ಎಂಬ ಒಂದು ಸಾಲು ಎಷ್ಟೋ ಉಪದೇಶಕ್ಕಿಂತ ಮೇಲು.

ಮೇಜಿಗೆ ಬರಲೇಬಾರದ ವ್ಯಾಜ್ಯಗಳೂ ಇವೆ. ಹನೂರು ಕಡೆ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅನೂರ್ಜಿತ. ಹದಿನಾರರ ಹುಡುಗಿಯನ್ನು ಗಂಡನ ಜೊತೆ ಕೂಡಿಸಿ ಕಳಿಸಿದರೆ ಅದು ಸಂಧಾನವಲ್ಲ, ಅಪರಾಧಕ್ಕೆ ಕೈಜೋಡಿಸಿದಂತೆ. ಹೊಡೆತ ಬಡಿತದ ಸಂಸಾರದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ 'ಮನಸ್ಸು ಬಿಚ್ಚಿ ಮಾತಾಡಿ' ಎನ್ನುವುದೂ ಹಾಗೆಯೇ. ಬೆಳಿಗ್ಗೆ ಅವನ ಬೈಕಿನಲ್ಲೇ ಬಂದವಳು, ಸಂಜೆ ಅದರಲ್ಲೇ ವಾಪಸು ಹೋಗಬೇಕಾದವಳು ಏನು ಬಿಚ್ಚಿ ಮಾತಾಡಿಯಾಳು? 2013ರಲ್ಲಿ ಸುಪ್ರೀಂ ಕೋರ್ಟ್ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಅಂದಿನ ದಂಡ ಸಂಹಿತೆಯ 498ಎ ಕಲಮಿನ (ಗಂಡನ ಮನೆಯವರ ಕ್ರೌರ್ಯ) ದೂರುಗಳನ್ನೂ ಮಧ್ಯಸ್ಥಿಕೆಗೆ ಕಳಿಸಬಹುದೆಂದಿತು, ರಾಜಿಗೆ ಅವಕಾಶ ಇರುವಂತೆ ಕಂಡರೆ, ಎಂಬ ಎಚ್ಚರಿಕೆಯೊಡನೆ. ಎಚ್ಚರಿಕೆ ಮರೆತುಹೋಗಿದೆ, ಕಳಿಸುವುದು ಉಳಿದಿದೆ. ಅದರ ಮೇಲೆ ಆ ಅಪರಾಧ ರಾಜಿಯಾಗುವಂಥದ್ದಲ್ಲ. ಇಲ್ಲಿ ಒಪ್ಪಂದವಾದರೂ ಕೇಸು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕು.

ವಕೀಲರ ವಿಚಾರ. ಬೆಂಗಳೂರಿನಲ್ಲಿ ವಕೀಲೆ ಲೈಲಾ ಒಲ್ಲಪಳ್ಳಿಯವರ ಕ್ಯಾಂಪ್‌ನಂಥ ಖಾಸಗಿ ಕೇಂದ್ರ 2015ರಿಂದ ಮಧ್ಯಸ್ಥಿಕೆಯನ್ನೇ ವೃತ್ತಿಯಾಗಿ ನಡೆಸುತ್ತಿದೆ. ತಾಲ್ಲೂಕಿನ ವಕೀಲರು ಹೆಸರು ಹಾಕಿಕೊಳ್ಳದೆ ಮಾಡುತ್ತಾರೆ, ಎರಡೂ ಕಡೆಯವರನ್ನು ಆಫೀಸಿಗೆ ಕರೆದು ಮಾತಾಡಿ ಮುಗಿಸುತ್ತಾರೆ. ಇದನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಒಬ್ಬರ ವಕಾಲತ್ತು ಹಾಕಿದವರೇ ನಡುವೆ ಕೂತು ನ್ಯಾಯ ಹೇಳಬಾರದು. ವಾಯಿದೆಗಿಷ್ಟು ಎಂದು ಫೀಸು ಸಿಗುವ ತನಕ ಬೇಗ ಮುಗಿಸಿದ ವಕೀಲನಿಗೆ ನಷ್ಟವೇ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಈ ಮಾತು ಯಾವ ಊರ ಪಂಚಾಯ್ತಿ ಕಟ್ಟೆಯಲ್ಲೂ ಕೇಳಿಬರುವುದಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ರಾಜ್ಯದ ಗಡಿ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿ ಬದಲಾಯಿತು, ಬೀಗತನ ಬದಲಾಗಲಿಲ್ಲ. ಹನೂರಿನ ಕಡೆ ಇವತ್ತಿಗೂ ಸತ್ಯಮಂಗಲ, ಮೆಟ್ಟೂರು ಕಡೆಯಿಂದ ಹೆಣ್ಣು ತರುತ್ತಾರೆ, ಅಲ್ಲಿಗೆ ಕೊಡುತ್ತಾರೆ. 2003ರ ತಿದ್ದುಪಡಿಯಿಂದ ಹೆಂಡತಿ ತಾನಿರುವ ಊರಿನಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು, ಅದು ಸರಿಯೂ ಹೌದು. ಅವಳು ಅಲ್ಲಿ, ಅವನು ಇಲ್ಲಿ ಕೇಸು ಹಾಕಿಕೊಂಡರೆ ಮಾತ್ರ ಒಂದನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸಲು ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಗಾಡಿ ಹತ್ತಿದರೆ ಕೆಲವೇ ಗಂಟೆಯ ದಾರಿಯ ಎರಡು ಊರಿನ ಕೂಲಿಕಾರರ ಜಗಳ ಅದು. ತಮಿಳೂ ಕನ್ನಡವೂ ಬಲ್ಲ, ತರಬೇತಿಯಾದ ಇಬ್ಬರು, ಒಬ್ಬರಾದರೂ ಹೆಂಗಸು, ಕೇಸು ಹಾಕುವ ಮೊದಲೇ ಬಂದವರ ಮಾತು ಕೇಳಲು ಹನೂರಿನಲ್ಲಿ ವಾರಕ್ಕೊಂದು ದಿನ ಕೂರಲಿ. ಅದು ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಹೆಂಗಸರು ಯಾರನ್ನೂ ಕೇಳದೆ ಬರಬಹುದು.