ಮರಳಿನಲ್ಲಿ ಅಮರ್

ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಹುಡುಗರು ಕೇಳಿದ ಪ್ರಶ್ನೆಯೊಂದು ತಲೆಯಲ್ಲಿ ಕೂತುಬಿಟ್ಟಿದೆ. ‘ಸಾರ್, ಬೀಚ್ ಕಬಡ್ಡಿಗೆ ನಾವೂ ತಂಡ ಕಟ್ಟಬಹುದಾ? ನಮ್ಮ ಜಿಲ್ಲೇಲಿ ಸಮುದ್ರವೇ ಇಲ್ಲವಲ್ಲ?’

ಧಾರಾಳವಾಗಿ ಕಟ್ಟಬಹುದು. 2025ರ ಮೇ ತಿಂಗಳಲ್ಲಿ ದೀವ್‌ನ ಘೋಘ್ಲಾ ಕಡಲತೀರದಲ್ಲಿ ಮೊದಲ ಖೇಲೋ ಇಂಡಿಯಾ ಬೀಚ್ ಕ್ರೀಡಾಕೂಟ ನಡೆಯಿತು. ಕಬಡ್ಡಿಯೂ ಅದರಲ್ಲಿ ಪದಕದ ಆಟ. ಒಟ್ಟು ಪದಕಪಟ್ಟಿಯ ತುದಿಯಲ್ಲಿ ನಿಂತದ್ದು ಮಣಿಪುರ. ಕೋಲಾರಕ್ಕೆ ಕಡಲು ಎಷ್ಟು ಇದೆಯೋ ಮಣಿಪುರಕ್ಕೂ ಅಷ್ಟೇ ಇದೆ.

ಮರಳಿನ ಕಬಡ್ಡಿ ದೊಡ್ಡ ಮಟ್ಟದಲ್ಲಿ ಕಣ್ಣಿಗೆ ಬಿದ್ದದ್ದು 2008ರ ಅಕ್ಟೋಬರ್‌ನಲ್ಲಿ, ಬಾಲಿಯಲ್ಲಿ ನಡೆದ ಮೊದಲ ಏಷ್ಯನ್ ಬೀಚ್ ಕ್ರೀಡಾಕೂಟದಲ್ಲಿ. ಪುರುಷರ ಚಿನ್ನ, ಮಹಿಳೆಯರ ಚಿನ್ನ ಎರಡೂ ಭಾರತಕ್ಕೇ ಬಂದವು. ಅಂಕಣದ ಅಳತೆ 11 ಮೀಟರ್ ಉದ್ದ, 6 ಮೀಟರ್ ಅಗಲ. ತಂಡಕ್ಕೆ ಆರು ಜನ, ಕಣದಲ್ಲಿ ನಾಲ್ವರು, ಎಲ್ಲರದೂ ಬರಿಗಾಲು. ಹದಿನೈದು ನಿಮಿಷದ ಎರಡು ಅವಧಿ. ಎಲ್ಲಕ್ಕಿಂತ ಮುಖ್ಯ, ಇಲ್ಲಿ ಯಾರೂ ಔಟಾಗಿ ಹೊರಗೆ ಕೂರುವುದಿಲ್ಲ. ಮುಟ್ಟಿಸಿಕೊಂಡರೆ ಎದುರಾಳಿಗೆ ಅಂಕ, ಆಟಗಾರ ಮಾತ್ರ ಇದ್ದಲ್ಲೇ ಇರುತ್ತಾನೆ.

ಇದನ್ನು ಹೊಸ ಆಟ ಎಂದು ಬಣ್ಣಿಸಿದವರ ಜೊತೆ ನನ್ನ ತಕರಾರು ಹಳೆಯದು. ಹಳಬರಿಗೆ ಮೂರು ಬಗೆಯ ಕಬಡ್ಡಿ ಗೊತ್ತು: ಸಂಜೀವನಿ, ಗಾಮಿನಿ, ಅಮರ್. ಹೋದವನು ಅಂಕ ಬಂದಾಗ ಜೀವ ಪಡೆದು ಒಳಗೆ ಬರುವುದು ಸಂಜೀವನಿ. ಇಂದು ಟಿವಿಯಲ್ಲಿ ಕಾಣುವುದು ಅದೇ. ತಂಡವೆಲ್ಲ ಮುಗಿಯುವವರೆಗೆ ಹೋದವನು ಹೊರಗೇ ಇರಬೇಕಾದದ್ದು ಗಾಮಿನಿ. ಯಾರೂ ಹೊರಗೆ ಹೋಗದೆ ಅಂಕವಷ್ಟೇ ಏರುವುದು ಅಮರ್. ಬಾಲಿಯ ಮರಳಿನಲ್ಲಿ ಆಡಿದ್ದು ಈ ಅಮರ್ ಅನ್ನೇ. ಸಂಜೀವನಿ ರಾಜಮಾರ್ಗವಾದ ಮೇಲೆ ಅಮರ್ ಮೂಲೆಗೆ ಸರಿದಿತ್ತು. ಸಮುದ್ರದ ದಂಡೆ ಅದನ್ನು ಮತ್ತೆ ಕರೆದು ಕೂರಿಸಿತು.

ಮ್ಯಾಟ್ ಪಂಥದವರು ಇದಕ್ಕೆ ಮೂಗು ಮುರಿಯುತ್ತಾರೆ. ‘ಔಟೇ ಇಲ್ಲದ ಕಬಡ್ಡಿಯಲ್ಲಿ ರೋಚಕತೆ ಎಲ್ಲಿ?’ ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ಒಂದು ಸತ್ಯವಿದೆ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ, ಅರ್ಧ ಆಟಕ್ಕೆ ಹಿಂದೆ ಬಿದ್ದಿದ್ದ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಮಣಿಸಿತಲ್ಲ, ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದನಲ್ಲ, ಆ ರಾತ್ರಿಯ ಸೊಗಸು ಸಂಜೀವನಿಯದು. ಹೋದವರು ಒಬ್ಬೊಬ್ಬರಾಗಿ ಒಳಗೆ ಬರುವುದು, ಎದುರಿನವರು ಖಾಲಿಯಾಗುತ್ತ ಹೋಗುವುದು, ಲೋನಾ ಬೀಳುವುದು. ಇದು ಅಮರ್‌ನಲ್ಲಿ ಸಿಗದು.

ಆದರೆ ಅಮರ್ ಕೊಡುವುದನ್ನು ಮ್ಯಾಟ್ ಕೊಡುತ್ತಿಲ್ಲ. ಸಂಜೀವನಿಯಲ್ಲಿ ಕೈ ನಡುಗುವ ಹಿಡಿತಗಾರ ಬೇಗ ಔಟಾಗಿ ಬೆಂಚಿನಲ್ಲಿ ಅಡಗಬಹುದು. ಅಮರ್‌ನಲ್ಲಿ ಅಡಗುವ ಜಾಗವಿಲ್ಲ. ಮೂವತ್ತು ನಿಮಿಷವೂ ಅವನು ಕಣದಲ್ಲೇ ಇರಬೇಕು, ಪ್ರತಿ ರೈಡ್‌ಗೂ ಉತ್ತರ ಕೊಡಬೇಕು. ಪುರುಷರ ಮ್ಯಾಟ್ ಅಂಕಣದ ಅರ್ಧ ಭಾಗ, ಲಾಬಿ ಸೇರಿ, 65 ಚದರ ಮೀಟರ್. ಅದನ್ನು ಏಳು ಜನ ಕಾಯುತ್ತಾರೆ. ಮರಳಿನದು 33, ಕಾಯುವವರು ನಾಲ್ವರು, ಒಂದು ಜೋಡಿ ಚೈನ್ ಈ ಕಡೆ, ಒಂದು ಆ ಕಡೆ. ಒಬ್ಬ ತಪ್ಪಿದರೆ ಅರ್ಧ ಗೋಡೆಯೇ ಬಿದ್ದಂತೆ.

ಇನ್ನು ಕಣಕಾಲಿನ ವಿಷಯ. ನನ್ನ ಹಳೇ ಹಠ ಇದು, ವಾರವಾರ ಓದುವವರಿಗೆ ಗೊತ್ತು. ಮ್ಯಾಟಿನ ಮೇಲೆ ಶೂ ಕಚ್ಚಿಕೊಳ್ಳುತ್ತದೆ, ರೈಡರ್ ಗಕ್ಕನೆ ನಿಂತು ಗಕ್ಕನೆ ತಿರುಗುತ್ತಾನೆ. ಅದಕ್ಕೇ ಅಲ್ಲಿ ತರಬೇತುದಾರರು ಹುಡುಗರಿಗೆ ಮೊದಲು ಡ್ಯಾಶ್ ಕಲಿಸುತ್ತಾರೆ, ಆಮೇಲೆ ಬ್ಲಾಕ್, ಸಮಯ ಉಳಿದರೆ ಆಂಕಲ್ ಹೋಲ್ಡ್. ಮರಳಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮೂಲೆಯವನನ್ನು ಮುಟ್ಟಲು ರೈಡರ್ ಕಾಲು ಚಾಚುತ್ತಾನೆ, ದೇಹದ ಭಾರವೆಲ್ಲ ಹಿಂದಿನ ಕಾಲಿಗೆ ಬೀಳುತ್ತದೆ, ಆ ಕಾಲು ಹಿಮ್ಮಡಿಯಿಂದ ಹೂತುಹೋಗುತ್ತದೆ. ಅದನ್ನು ಕೀಳದೆ ಹಿಂದೆ ಹಾರಲಾಗದು. ಕೀಳುವ ಆ ಒಂದು ಗಳಿಗೆ ಪೂರ್ತಿ ಹಿಡಿತಗಾರನದು. ಬಗ್ಗಿ, ಎರಡೂ ಅಂಗೈ ಸೇರಿಸಿ ಕಣಕಾಲಿಗೆ ಕೈ ಹಾಕಿ, ಎದೆಯನ್ನು ನೆಲಕ್ಕೆ ಒಪ್ಪಿಸಿದರೆ ಆಯಿತು. ಮುಳಬಾಗಿಲು, ಶ್ರೀನಿವಾಸಪುರದ ಜಾತ್ರೆ ಪಂದ್ಯಗಳಲ್ಲಿ ಗೆರೆಯಾಚೆಯಿಂದ ‘ಪಟ್ಟು, ಪಟ್ಟು’ ಎಂದು ತೆಲುಗಿನಲ್ಲಿ ಕೂಗುವುದು ಈ ಹಿಡಿತಕ್ಕಾಗಿಯೇ.

ಹಿಡಿತ ಸಡಿಲಾದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ಜಕಾರ್ತಾದಲ್ಲಿ ನೋಡಿದೆವು. ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮ ಪುರುಷರನ್ನು 27–18ರಿಂದ ಮನೆಗೆ ಕಳಿಸಿತು. ಅದಕ್ಕೂ ಎರಡು ವರ್ಷ ಮೊದಲು, ಡಾ ನಾಂಗ್‌ನ ಬೀಚ್ ಕ್ರೀಡಾಕೂಟದಲ್ಲಿ ಪುರುಷರ ಚಿನ್ನವನ್ನು ಪಾಕಿಸ್ತಾನ ಒಯ್ದಿತ್ತು. ಮರಳು ಎರಡು ವರ್ಷ ಮೊದಲೇ ಎಚ್ಚರಿಸಿತ್ತು, ನಾವು ಕೇಳಿಸಿಕೊಳ್ಳಲಿಲ್ಲ ಎಂಬುದು ನನ್ನ ನಂಬಿಕೆ.

ಈಗ ಹುಡುಗರ ಪ್ರಶ್ನೆಯ ಉಳಿದರ್ಧ: ಮರಳು ಎಲ್ಲಿ? ಪಾಲಾರ್ ನದಿಯ ಒಡಲಿನ ಮರಳು ಲಾರಿ ಹತ್ತಿ ಬೆಂಗಳೂರು ಸೇರಿದೆ. ಅದು ಸಾಲದೆಂದು ನಮ್ಮವರು ಹೊಲದ ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡಿ ಮಾರಿದರು. ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗಳಿಗೆ ಬಂದ ಮೇಲೆ ಒಣ ಕೆರೆಯಂಗಳಗಳೂ ಹಿಂದಿನಂತೆ ಸಿಗವು. ಅಂತರ್ಜಲಕ್ಕೆ ಅದು ಒಳ್ಳೆಯದೇ, ಅದರ ಬಗ್ಗೆ ಕಬಡ್ಡಿಯವರು ಗೊಣಗಬಾರದು.

ಹಾಗಾಗಿ ಮಣ್ಣಿನಲ್ಲೇ ಶುರು ಮಾಡಿ. ಮಾಲೂರಿನ ಹೆಂಚಿನ ಮಣ್ಣು ಬೇಡ, ಜೇಡಿ ಜಾಸ್ತಿ, ಒಣಗಿದರೆ ಕಲ್ಲು. ಮುಳಬಾಗಿಲಿನ ಕೆಂಪು ಮಣ್ಣಿನಲ್ಲಿ ಗರಸು ಇರುತ್ತದೆ, ಜರಡಿ ಹಿಡಿಯಲೇಬೇಕು. ಜರಡಿಯಾಡಿದ ಮಣ್ಣಿಗೆ ಕೆರೆಗೋಡು, ಒಣಗೊಬ್ಬರ, ಮರದ ಹೊಟ್ಟು ಬೆರೆಸಿ, ಹಿಂದಿನ ಸಂಜೆಯೇ ನೀರು ಚಿಮುಕಿಸಿ. ಹಿಡಿ ಮಣ್ಣು ಅಂಗೈಯಲ್ಲಿ ಉಂಡೆ ಕಟ್ಟಬೇಕು, ಬೆರಳು ಆಡಿಸಿದರೆ ಉದುರಬೇಕು. ಹದ ಅದೇ. ಮಳೆಗಾಲದ ಪಂದ್ಯಗಳು ಮುಗಿದು ಗಣೇಶನ ಹಬ್ಬದ ಹೊನಲು ಬೆಳಕಿನ ಪಂದ್ಯಗಳು ಶುರುವಾಗುವ ಮುನ್ನ, ಇಂಥ ಅಂಕಣದಲ್ಲಿ 11ಕ್ಕೆ 6ರ ಗೆರೆ ಎಳೆದು, ಶೂ ಕಳಚಿ, ನಾಲ್ಕು ನಾಲ್ಕು ಜನ ಅಮರ್ ಆಡಿ.

ಮರಳೇ ಬೇಕೆಂದು ಹಠ ಹಿಡಿಯುವ ತಂಡಗಳಿಗೆ ಒಂದು ಮಾತು. ಅಗ್ಗಕ್ಕೆ ಸಿಗುತ್ತದೆಂದು ಎಂ-ಸ್ಯಾಂಡ್ ಸುರಿಸಬೇಡಿ. ಅದು ಬಂಡೆ ಪುಡಿ ಮಾಡಿದ್ದು, ಹೊಳೆ ಮರಳಿನ ಹಾಗೆ ದುಂಡಗಿಲ್ಲ, ಕಣಕ್ಕೆ ಕಣ ಚೂಪು. ಎದೆ ಕೊಟ್ಟು ಬೀಳುವ ಹಿಡಿತಗಾರನ ಮೊಣಕೈ, ಮಂಡಿಗಳ ಚರ್ಮ ಸುಲಿಯುತ್ತದೆ. ಒಮ್ಮೆ ಸುಲಿಸಿಕೊಂಡ ಹುಡುಗ ಮತ್ತೆ ಕಣಕಾಲಿಗೆ ಕೈ ಹಾಕಲು ಹೆದರುತ್ತಾನೆ.